ಮಗ ‘ಕೆ’ ಅಂತಾನೆ, ಶಿಷ್ಯ ‘ಟಿಸಿ’ ಅಂತಾನೆ

ಪ್ರಶ್ನೆ: ನಾನು ಪ್ರೌಢಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯ, ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವನು. ಕಳೆದ ತಿಂಗಳು ಕಣ್ಣಿನ ಪೊರೆ ಆಪರೇಷನ್ ಆಯಿತು. ಸುದ್ದಿ ತಿಳಿದು ಹಳೇ ವಿದ್ಯಾರ್ಥಿಯೊಬ್ಬ ವಾಟ್ಸಾಪಿನಲ್ಲಿ ‘ಸರ್, ಬೇಗ ಹುಷಾರಾಗಿ. ಟಿಸಿ’ ಎಂದು ಕಳಿಸಿದ. 1994ರಲ್ಲೇ ಶಾಲೆ ಬಿಟ್ಟವನು ಈಗೇಕೆ ವರ್ಗಾವಣೆ ಪತ್ರ ಕೇಳುತ್ತಿದ್ದಾನೆ ಎಂದು ಎರಡು ದಿನ ಯೋಚಿಸಿದೆ. ರಜೆಗೆ ಬಂದಿದ್ದ ಮೊಮ್ಮಗಳು ಬಿದ್ದು ಬಿದ್ದು ನಕ್ಕು ಅರ್ಥ ಹೇಳಿದಳು. ಅವನಿಗೆ ಇನ್ನೂ ಉತ್ತರ ಬರೆದಿಲ್ಲ. ಅದು ಹೋಗಲಿ. ಬೆಂಗಳೂರಿನಲ್ಲಿರುವ ಮಗನಿಗೆ ಹತ್ತು ಸಾಲು ಬರೆದರೆ ಅವನಿಂದ ಬರುವುದು ‘ಕೆ’ ಎಂಬ ಒಂದೇ ಅಕ್ಷರ. ನಮ್ಮ ನಿವೃತ್ತರ ಗುಂಪಿನಲ್ಲಿ ಯಾರಾದರೂ ತೀರಿಕೊಂಡರೆ ‘ಆರ್‌ಐಪಿ’ಗಳ ಸಾಲು. ಈ ವಯಸ್ಸಿನಲ್ಲಿ ನಾನು ಇವನ್ನೆಲ್ಲ ಕಲಿಯಬೇಕೇ? ಭಾಷೆ ಕೆಡುತ್ತಿಲ್ಲವೇ? ಮಗನಿಗೆ ಏನಾದರೂ ಹೇಳಲೇ, ಸುಮ್ಮನಿರಲೇ?
— ನಿವೃತ್ತ ಮೇಷ್ಟ್ರು, ತಿಪಟೂರು

ಉತ್ತರ: ಮೇಷ್ಟ್ರೇ, ನಮಸ್ಕಾರ. ಕಣ್ಣು ಈಗ ಆರಾಮಾಗಿದೆ ಅಂದುಕೊಂಡು ಉದ್ದಕ್ಕೇ ಬರೆಯುತ್ತಿದ್ದೇನೆ. ಆಯಾಸವಾದರೆ ಮೊಮ್ಮಗಳ ಕೈಲಿ ಓದಿಸಿಕೊಳ್ಳಿ.

ಮೊದಲು ಆ ಟಿಸಿ ವಿಚಾರ. ಮೂವತ್ತೊಂದು ವರ್ಷ ಶಾಲೆಯಲ್ಲಿ ಕಳೆದವರಿಗೆ ಆ ಎರಡಕ್ಷರ ಇನ್ನೇನಾಗಿ ಕಾಣಬೇಕು ಹೇಳಿ? ನಿಮ್ಮೂರಿನ ತೆಂಗಿನ ತೋಟದವರನ್ನು ಕೇಳಿ ನೋಡಿ, ಅವರಿಗೆ ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್. ‘ಟಿಸಿ ಸುಟ್ಟೋಗಿ ಮೂರು ದಿನ ಆಯ್ತು, ಮೋಟಾರ್ ಓಡ್ತಿಲ್ಲ’ ಅನ್ನುತ್ತಾರೆ. ಅರಸೀಕೆರೆಯಲ್ಲಿ ಟಿಕೆಟ್ಟಿಲ್ಲದೆ ರೈಲು ಹತ್ತಿದವನಿಗೆ ಟಿಸಿ ಅಂದರೆ ಕರಿ ಕೋಟು. ನಿಮ್ಮ ಶಿಷ್ಯನಿಗೆ ಅದು ‘ಟೇಕ್ ಕೇರ್’, ಅಂದರೆ ಜೋಪಾನ. ಮೂವತ್ತು ಕಿಲೋಮೀಟರ್ ಆಸುಪಾಸಿನೊಳಗೆ ಒಂದೇ ಜೋಡಿ ಅಕ್ಷರಕ್ಕೆ ನಾಲ್ಕು ಅರ್ಥ. ಒಂದು ಕಸುಬಿನವರು, ಒಂದು ವಯಸ್ಸಿನವರು ತಮ್ಮತಮ್ಮೊಳಗೆ ಮಾಡಿಕೊಂಡ ಒಪ್ಪಂದ ಅದು. ಆ ಒಪ್ಪಂದಕ್ಕೆ ನಿಮ್ಮನ್ನು ಯಾರೂ ಕರೆದಿರಲಿಲ್ಲ, ಅದಕ್ಕೇ ಅರ್ಥವಾಗಲಿಲ್ಲ.

ಇಂಥ ಎಡವಟ್ಟು ದೊಡ್ಡವರಿಗೂ ತಪ್ಪಿಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರೂನ್ ಅವರು ಪತ್ರಿಕಾ ಸಂಪಾದಕಿಯೊಬ್ಬರಿಗೆ ಕಳಿಸುತ್ತಿದ್ದ ಮೆಸೇಜುಗಳ ಕೊನೆಗೆ ‘ಎಲ್‌ಒಎಲ್’ ಎಂದು ಹಾಕುತ್ತಿದ್ದರಂತೆ. ಅವರು ಅದನ್ನು ‘ಲಾಟ್ಸ್ ಆಫ್ ಲವ್’ ಅಂದುಕೊಂಡಿದ್ದರು. ಜೋರಾಗಿ ನಗುವುದಕ್ಕೆ ಹಾಗೆ ಬರೆಯುತ್ತಾರೆ ಅಂತ ಆಮೇಲೆ ತಿಳಿಯಿತು. 2012ರಲ್ಲಿ ಮಾಧ್ಯಮಗಳ ನಡವಳಿಕೆಯ ಬಗ್ಗೆ ನಡೆದ ಲೆವೆಸನ್ ವಿಚಾರಣೆಯಲ್ಲಿ ಈ ಸಂಗತಿ ಹೊರಬಿದ್ದು ಊರೆಲ್ಲ ನಕ್ಕಿತು.

ನನ್ನದೂ ಒಂದಿದೆ. ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು ನಾನು. ಪ್ರಧಾನಮಂತ್ರಿ ಊರಿಗೆ ಬರುವ ದಿನ. ಅದೇ ದಿನ ಹೆದ್ದಾರಿಯಲ್ಲಿ ದೊಡ್ಡ ಅಪಘಾತ. ಹೊಸದಾಗಿ ಸೇರಿದ್ದ ವರದಿಗಾರ ಹುಡುಗ ‘ಪಿಎಂ ಲೇಟ್, ಪೇಜ್ ಹಿಡ್ಕೊಳ್ಳಿ ಮೇಡಂ’ ಅಂತ ಕಳಿಸಿದ. ನಾವು ಮುಖಪುಟದ ತಲೆಯಲ್ಲಿ ಜಾಗ ಖಾಲಿ ಬಿಟ್ಟುಕೊಂಡು ಒಂದೂವರೆ ಗಂಟೆ ಕಾದೆವು. ಕೊನೆಗೆ ನೋಡಿದರೆ ಹುಡುಗ ಜಿಲ್ಲಾಸ್ಪತ್ರೆಯ ಶವಾಗಾರದ ಮುಂದೆ ನಿಂತಿದ್ದ. ಅವನ ‘ಪಿಎಂ’ ಪೋಸ್ಟ್‌ಮಾರ್ಟಂ. ಆವತ್ತು ಹಳ್ಳಿಗಳ ಕಡೆ ಹೋಗುವ ಬಂಡಲ್ ಗಾಡಿ ತಪ್ಪಿತು. ಬೈಸಿಕೊಂಡಿದ್ದು ನಾನು.

ಈ ಚುಟುಕು ಬರಹ ಎಲ್ಲಿಂದ ಬಂತು ಅನ್ನುವುದನ್ನು ಒಂದು ಲೆಕ್ಕದ ಮೂಲಕ ಹೇಳುತ್ತೇನೆ. ಎಸ್‌ಎಂಎಸ್ ಅನ್ನುವುದನ್ನು 1980ರ ದಶಕದಲ್ಲಿ ರೂಪಿಸಿದಾಗ ಒಂದು ಮೆಸೇಜಿಗೆ ಕೊಟ್ಟ ಜಾಗ 140 ಬೈಟ್. ಬೈಟಿಗೆ ಎಂಟು ಬಿಟ್‌ನಂತೆ 1120 ಬಿಟ್. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಏಳು ಬಿಟ್ ಸಾಕು ಅಂತ ಮಾಡಿಕೊಂಡರು, 160 ಅಕ್ಷರ ಹಿಡಿಸಿತು. ಕನ್ನಡದಂಥ ಲಿಪಿಗಳಿಗೆ ಅಕ್ಷರಕ್ಕೆ ಹದಿನಾರು ಬಿಟ್ ಬೇಕಾಯಿತು. 1120ನ್ನು 16ರಿಂದ ಭಾಗಿಸಿ, 70. ಅದೇ ದುಡ್ಡು ಕೊಟ್ಟು ನಮಗೆ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಜಾಗ.

ಆ ಎಪ್ಪತ್ತೂ ಪೂರ್ತಿ ಸಿಗುತ್ತಿರಲಿಲ್ಲ. ‘ಕ್ಷೇಮವಾಗಿದ್ದೇವೆ’ ಅಂತ ನೀವು ಬರೆದರೆ ನಿಮ್ಮ ಕಣ್ಣಿಗೆ ಕಾಣುವುದು ಆರು ಅಕ್ಷರ. ಫೋನಿನ ಲೆಕ್ಕ ಬೇರೆ. ಅದು ‘ಕ’ ಒಂದು, ಅರ್ಧಾಕ್ಷರದ ಗುರುತು ಒಂದು, ‘ಷ’ ಒಂದು, ಏತ್ವದ ದೀರ್ಘ ಒಂದು, ಅಂತ ಬಿಡಿಬಿಡಿಯಾಗಿ ಎಣಿಸುತ್ತದೆ. ಕ್ಷೇ ಒಂದಕ್ಕೇ ನಾಲ್ಕಾಯಿತು. ಇಡೀ ಪದಕ್ಕೆ ಹದಿನೈದು. ಕ್ಷೇಮ ಸಮಾಚಾರ ಹೇಳುವಷ್ಟರಲ್ಲಿ ಎಪ್ಪತ್ತರಲ್ಲಿ ಹದಿನೈದು ಖರ್ಚು! ಸಾಲದ್ದಕ್ಕೆ ಆಚೆ ಕಡೆಯ ಫೋನಿನಲ್ಲಿ ಕನ್ನಡ ಫಾಂಟು ಇಲ್ಲದಿದ್ದರೆ ಬರೆದದ್ದೆಲ್ಲ ಚೌಕ ಚೌಕ ಡಬ್ಬಿಗಳಾಗಿ ಹೋಗುತ್ತಿತ್ತು.

ಹಾಗಾಗಿ ನಿಮ್ಮ ಶಿಷ್ಯನ ತಲೆಮಾರಿನವರು ಕನ್ನಡವನ್ನು ರೋಮನ್ ಅಕ್ಷರದಲ್ಲಿ ಬರೆಯುವುದನ್ನು ಕಲಿತರು. ಅಲ್ಲೂ ಸುಖವಿರಲಿಲ್ಲ. ಹಳೇ ಗುಂಡಿ ಫೋನು ನೆನಪಿದೆಯಲ್ಲ, ಒಂದು ಗುಂಡಿಗೆ ಮೂರೋ ನಾಲ್ಕೋ ಅಕ್ಷರ. ‘ಎಸ್’ ಬೇಕೆಂದರೆ ಏಳರ ಗುಂಡಿಯನ್ನು ನಾಲ್ಕು ಸಲ ಒತ್ತಬೇಕು. ‘ನಮಸ್ಕಾರ’ ಅನ್ನುವುದಕ್ಕೆ ಹದಿನಾರು ಒತ್ತು ಆಗುತ್ತಿತ್ತು, ನಾನೇ ಎಣಿಸಿದ್ದೇನೆ. ಹದಿನಾರು ಸಲ ಒತ್ತಿ ನಮಸ್ಕಾರ ಹೇಳುವ ಭಕ್ತಿ ಎಷ್ಟು ಜನಕ್ಕಿದ್ದೀತು? ಹಾಗೆ ಹುಟ್ಟಿದ್ದು ರಾತ್ರಿಯ ‘ಜಿಎನ್ ಎಸ್‌ಡಿ ಟಿಸಿ’. ಗುಡ್ ನೈಟ್, ಸ್ವೀಟ್ ಡ್ರೀಮ್ಸ್, ಟೇಕ್ ಕೇರ್. ಆ ಕಾಲದಲ್ಲಿ ಹರೆಯ ಕಳೆದವರು ಇಂದಿಗೂ ಅದನ್ನು ಮಂತ್ರದ ಹಾಗೆ ಹೇಳುತ್ತಾರೆ. ಅದರ ಕೊನೇ ತುಣುಕೇ ನಿಮಗೆ ಬಂದಿದ್ದು. ಹೊಸ ವರ್ಷ, ದೀಪಾವಳಿಯಂಥ ದಿನಗಳಲ್ಲಿ ಕಂಪನಿಗಳು ಅಗ್ಗದ ಮೆಸೇಜ್ ಪ್ಯಾಕುಗಳನ್ನು ರದ್ದು ಮಾಡಿ ಪೂರ್ತಿ ದರ ಹಾಕುತ್ತಿದ್ದವು. ಆವತ್ತಂತೂ ಒಂದೇ ಮೆಸೇಜಿಗೆ ಇಡೀ ಹಾರೈಕೆ ತುರುಕಬೇಕು.

ಸ್ವರಗಳನ್ನು ನುಂಗುವ ಚಾಳಿಯೂ ಅಲ್ಲಿಂದಲೇ ಬಂದಿದ್ದು. ಇಂಗ್ಲಿಷಿನಲ್ಲಿ ಸ್ವರ ನುಂಗಿದರೆ ಪದ ಗುರುತು ಸಿಗುತ್ತದೆ. ಕನ್ನಡದಲ್ಲಿ ನುಂಗಿ ನೋಡಿ. ಮರ, ಮಾರು, ಮುರಿ, ಮೂರು, ಮೊರೆ, ಮೋರೆ ಎಲ್ಲವೂ ‘ಎಂ-ಆರ್’ ಆಗಿಬಿಡುತ್ತವೆ. ನುಂಗದೇ ಇದ್ದರೂ ರೋಮನ್‌ನಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ನನ್ನ ಯಜಮಾನರಿಗೆ ಅಂಗಡಿಯಿಂದ ‘ಕಾಲು ಕೆಜಿ ಕಾಳು’ ತರಲು ರೋಮನ್‌ನಲ್ಲಿ ಬರೆದು ಕಳಿಸಿದ್ದೆ. ಎರಡೂ ಒಂದೇ ಥರ ಕಂಡು ಅವರು ಅಂಗಡಿಯಿಂದಲೇ ಫೋನ್ ಮಾಡಿ ‘ಏನೇ ಇದು, ಕಾಲು ಕಾಲು ಅಂತ ಎರಡು ಸಲ ಬರೆದಿದೀಯ, ಅರ್ಧ ಕೆಜಿ ತರಲಾ’ ಅಂದರು. ಆವತ್ತಿನಿಂದ ನಾನು ಫೋನಿನಲ್ಲಿ ಕನ್ನಡ ಲಿಪಿಗೆ ಬಂದೆ.

ಈಗ ವಾಟ್ಸಾಪಿನಲ್ಲಿ ಅಕ್ಷರದ ಮಿತಿ ಕಾಡುವುದಿಲ್ಲ, ಮೆಸೇಜಿಗೆ ದುಡ್ಡಿಲ್ಲ. ಕನ್ನಡ ಕೀಲಿಮಣೆ ಈಗಿನ ಸ್ಮಾರ್ಟ್‌ಫೋನುಗಳಲ್ಲಿ ಸಿಗುತ್ತದೆ, ಮೈಕಿನ ಗುರುತು ಒತ್ತಿ ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ. ಮೊಟಕುಗೊಳಿಸುವ ಅಗತ್ಯ ಹೋಯಿತು, ಅಭ್ಯಾಸ ಉಳಿಯಿತು. ಹಾಗಾದರೆ ಮಗನ ‘ಕೆ’ ಬರೀ ಅಭ್ಯಾಸವೇ? ಅಷ್ಟು ಸಲೀಸಾಗಿ ಬಿಟ್ಟುಬಿಡುವಂತಿಲ್ಲ. ಅದಕ್ಕೆ ಮುಂಚೆ ನಿಮ್ಮ ಮನೆಯ ಹಳೇ ಕಾಗದಗಳ ಕಂತೆ ಬಿಚ್ಚೋಣ.

ಮೊಟಕು ಮಾಡುವುದು ನಮ್ಮ ಹಿರಿಯರಿಗೆ ಹೊಸದೇನಲ್ಲ. ಕಾರ್ಡಿನಲ್ಲಿ ಜಾಗ ಕಡಿಮೆ, ಮನಿಯಾರ್ಡರ್ ಫಾರಮ್ಮಿನ ಕೆಳಗಿನ ತುಂಡಿನಲ್ಲಿ ಇನ್ನೂ ಕಡಿಮೆ. ಟೆಲಿಗ್ರಾಂನಲ್ಲಿ ಪದಕ್ಕಿಷ್ಟು ಅಂತ ಕಾಸು. ‘ತಾಯಿಗೆ ಸೀರಿಯಸ್, ಕೂಡಲೇ ಹೊರಡು’ ಅನ್ನುವಷ್ಟಕ್ಕೆ ಮಾತು ನಿಲ್ಲುತ್ತಿತ್ತು. 2013ರ ಜುಲೈನಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತಿತು. ಅಲ್ಲಿಯವರೆಗೂ ತಂತಿ ಬಂತು ಅಂದರೆ ಒಡೆಯುವ ಮುಂಚೆಯೇ ಅಳು ಶುರುವಾಗುತ್ತಿದ್ದದ್ದು ನಿಮಗೆ ಗೊತ್ತು.

ಕಾಗದದಲ್ಲಿ ಅವರು ಏನನ್ನು ಮೊಟಕು ಮಾಡುತ್ತಿದ್ದರು ನೋಡಿ. ಕಿರಿಯರಿಗೆ ‘ಚಿ||’, ಮದುವೆಯಾದ ಮಗಳಿಗೆ ‘ಚಿ|| ಸೌ||’, ದೊಡ್ಡವರಿಗೆ ‘ಮ|| ರಾ|| ರಾ||’. ಮಹಾರಾಜ ರಾಜಶ್ರೀ ಅಂತ ಪೂರ್ತಿ ಬರೆದರೆ ಅರ್ಧ ಸಾಲು ಹೋಗುತ್ತದೆ, ಅದಕ್ಕೆ ಎರಡೆರಡು ಗೆರೆ ಎಳೆದು ಮುಗಿಸುತ್ತಿದ್ದರು. ಆಮೇಲೆ ‘ಉಭಯಕುಶಲೋಪರಿ’. ನಾವಿಲ್ಲಿ ಚೆನ್ನಾಗಿದ್ದೇವೆ, ನೀವಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇವೆ, ಇನ್ನು ವಿಷಯಕ್ಕೆ ಬರೋಣ ಅನ್ನುವ ಇಷ್ಟುದ್ದದ ಮಾತನ್ನು ಒಂದೇ ಪದಕ್ಕೆ ಮಡಚಿಟ್ಟದ್ದು. ಅವರು ಮಡಚಿದ್ದೆಲ್ಲ ಆಶೀರ್ವಾದ, ಮರ್ಯಾದೆ, ಕುಶಲ ಪ್ರಶ್ನೆ. ಮಡಚಿದರೂ ಅದಕ್ಕೊಂದು ಜಾಗ ಇಟ್ಟಿರುತ್ತಿದ್ದರು. ‘ಚಿ||’ ಕಂಡ ಕೂಡಲೇ ಓದುವವನ ಬಾಯಲ್ಲಿ ಅದು ಪೂರ್ತಿ ‘ಚಿರಂಜೀವಿ’ ಆಗುತ್ತಿತ್ತು.

ಇವತ್ತಿನ ‘ಕೆ’ ಮಡಚಿದ್ದಲ್ಲ, ಕತ್ತರಿಸಿದ್ದು. ಅದರ ವಂಶಾವಳಿಯೇ ತಮಾಷೆಯದು. ‘ಆಲ್ ಕರೆಕ್ಟ್’ ಅನ್ನುವುದನ್ನು ಬೇಕೆಂದೇ ತಪ್ಪಾಗಿ ಬರೆದು ಅದರ ಮೊದಲಕ್ಷರ ತೆಗೆದು ‘ಓ.ಕೆ.’ ಅಂತ ಅಮೆರಿಕದ ಬಾಸ್ಟನ್ನಿನ ಪತ್ರಿಕೆಯೊಂದು 1839ರ ಮಾರ್ಚ್ 23ರಂದು ಅಚ್ಚು ಹಾಕಿತು. ಆ ಕಾಲದ ಪತ್ರಿಕೆಗಳವರ ಕುಚೇಷ್ಟೆ ಅದು. ಜಗತ್ತೆಲ್ಲ ಸುತ್ತಿ ಬಂದ ಆ ಎರಡಕ್ಷರದಲ್ಲೂ ಒಂದನ್ನು ಕಿತ್ತು ನಿಮ್ಮ ಮಗ ಕಳಿಸುತ್ತಾನೆ. ಸಂಕ್ಷೇಪದ ಸಂಕ್ಷೇಪ! ಚುಟುಕು ಬರಹವೆಲ್ಲ ಮೊಬೈಲು ಹುಡುಗರ ಸೃಷ್ಟಿ ಅಂದುಕೊಂಡವರಿಗೆ ಇನ್ನೊಂದು: ‘ಓಎಂಜಿ’ ಅನ್ನುವುದು ಬರಹದಲ್ಲಿ ಕಾಣಸಿಗುವುದು 1917ರಲ್ಲಿ, ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಆಗಿದ್ದ ಲಾರ್ಡ್ ಫಿಷರ್ ಅವರು ವಿನ್‌ಸ್ಟನ್ ಚರ್ಚಿಲ್‌ಗೆ ಬರೆದ ಪತ್ರದಲ್ಲಿ. ಫಿಷರ್‌ಗೆ ಆಗ ಎಪ್ಪತ್ತಾರು ವರ್ಷ. ನಿಮಗಿಂತ ದೊಡ್ಡವರೇ ಇದ್ದಾರು.

ಕನ್ನಡದಲ್ಲಿ ಮಾತಿನ ಸುದ್ದಿ ತಲೆಯಲ್ಲಿರುತ್ತದೆ, ಸಂಬಂಧ ಬಾಲದಲ್ಲಿರುತ್ತದೆ. ‘ಬರ್ತೀನಿ’ ಅನ್ನುವುದು ಸುದ್ದಿ. ‘ಬರ್ತೀನಿ ಕಣೋ’ ಅಂದರೆ ಗೆಳೆಯ, ‘ಬರ್ತೀನಿ ಕಣಮ್ಮ’ ಅಂದರೆ ಮಗಳೋ ತಂಗಿಯೋ, ‘ಬರ್ತೀನಪ್ಪ’ದಲ್ಲಿ ಸ್ವಲ್ಪ ಬೇಸರ ಇದ್ದರೂ ಇದ್ದೀತು. ಧಾರವಾಡದ ಕಡೆ ‘ಬರ್ತೀನ್ರಿ’, ಮಂಗಳೂರಿನ ಕಡೆ ‘ಬರ್ತೇನೆ ಮಾರಾಯ್ರೆ’. ಬಂದದ್ದು ಯಾರು ಅಂತ ಬಾಗಿಲು ತೆಗೆಯದೆಯೇ ಗೊತ್ತಾಗುವುದು ಈ ಬಾಲದಿಂದ. ನಾವು ಅವಸರದಲ್ಲಿ ಬೆರಳು ಎತ್ತುವುದು ಪದದ ಕೊನೆಗೆ ಬರುವ ಮುಂಚೆ. ಹೋಗುವುದೇ ಬಾಲ. ಇಂಗ್ಲಿಷಿನವರು ‘ಓಕೆ’ಯನ್ನು ‘ಕೆ’ ಮಾಡಿದರೆ ಅವರು ಕಳೆದುಕೊಳ್ಳುವುದು ಒಂದಕ್ಷರ. ‘ಆಯ್ತಪ್ಪ, ಭಾನುವಾರ ಬರ್ತೀನಿ’ ಅನ್ನಬೇಕಾದವನು ‘ಕೆ’ ಅಂದರೆ ಅದರಲ್ಲಿ ‘ಅಪ್ಪ’ ಅನ್ನುವುದೇ ಹೋಯಿತು. ನಿಮ್ಮ ಮನಸ್ಸಿಗೆ ಚುಚ್ಚಿದ್ದು ಅದೇ ಅಂತ ನನ್ನ ಊಹೆ.

ನಿಮ್ಮದು ವಯಸ್ಸಿನ ಚಡಪಡಿಕೆ ಅಂತ ಯಾರಾದರೂ ಅಂದರೆ ಅವರಿಗೆ ಹೇಳಲು ಒಂದು ಆಧಾರವನ್ನೂ ಕೊಡುತ್ತೇನೆ. ಸ್ಟ್ಯಾನ್‌ಫರ್ಡ್ ಮತ್ತು ಟೊರಾಂಟೊ ವಿಶ್ವವಿದ್ಯಾಲಯಗಳ ಸಂಶೋಧಕರು ಎಂಟು ಪ್ರಯೋಗಗಳಲ್ಲಿ 5,000ಕ್ಕೂ ಹೆಚ್ಚು ಜನರನ್ನು ಒಳಗೊಂಡು ಇದನ್ನೇ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಪದಗಳನ್ನು ಮೊಟಕು ಮಾಡಿ ಬರೆದವರು ಓದುವವರ ಕಣ್ಣಿಗೆ ಕಡಿಮೆ ಪ್ರಾಮಾಣಿಕರಾಗಿ ಕಂಡರು. ‘ನನಗಾಗಿ ಇಷ್ಟು ಶ್ರಮವನ್ನೂ ಪಡಲಿಲ್ಲ’ ಅನ್ನುವ ಭಾವನೆ ಅದಕ್ಕೆ ಕಾರಣ. ಅಂಥವರಿಗೆ ಬರುವ ಉತ್ತರವೂ ಕಡಿಮೆಯಂತೆ. ಅಂದರೆ ಪೇಟೆಯ ಇಂಗ್ಲಿಷ್ ಹುಡುಗರಿಗೂ ಇದು ಚುಚ್ಚುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಮಗನ ಕಡೆಯ ವಕಾಲತ್ತನ್ನೂ ಸ್ವಲ್ಪ ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅವನು ಬೆಂಗಳೂರಿನ ಆಫೀಸಿನಲ್ಲಿದ್ದರೆ ದಿನವಿಡೀ ಬರೆಯುವುದು, ಓದುವುದು ಇದೇ ಭಾಷೆ. ‘ಪಿಎಫ್‌ಎ’ ಅಂದರೆ ಕಡತ ಲಗತ್ತಿಸಿದೆ, ‘ಎಫ್‌ವೈಐ’ ಅಂದರೆ ನಿಮ್ಮ ಗಮನಕ್ಕೆ, ‘ಇಒಡಿ’ ಅಂದರೆ ದಿನದ ಕೊನೆಯೊಳಗೆ. ಯಾರ ದಿನದ ಕೊನೆ ಅಂತ ಕೇಳಬೇಡಿ. ಕ್ಯಾಲಿಫೋರ್ನಿಯಾದವರ ಸಂಜೆ ಐದಕ್ಕೆ ಇಲ್ಲಿ ಮರುದಿನ ಬೆಳಗ್ಗೆ ಐದೂವರೆ, ಅಲ್ಲಿನ ಚಳಿಗಾಲದಲ್ಲಿ ಆರೂವರೆ. ನಾನು ಕಚೇರಿಗಳಲ್ಲಿ ಬರವಣಿಗೆ ಕಲಿಸಲು ಹೋದಾಗ ಹೇಳುವ ಮೊದಲ ಮಾತೇ ‘ಇಒಡಿ ಬಿಡಿ, ಗಂಟೆ ಬರೆಯಿರಿ’ ಅಂತ. ಹತ್ತು ಗಂಟೆ ಹೀಗೆ ಕಳೆದವನ ಬೆರಳು ಅಪ್ಪನ ಮೆಸೇಜಿಗೂ ಅದೇ ವೇಗದಲ್ಲಿ ಓಡುತ್ತದೆ. ಅವನ ಗೆಳೆಯರೊಳಗೆ ‘ಕೆ’ ಅಂದರೆ ‘ಓದಿದೆ, ಒಪ್ಪಿದೆ’ ಅಂತಷ್ಟೆ. ಇನ್ನೊಂದೂ ಇದೆ. ತನಗಿಂತ ಚಿಕ್ಕ ವಯಸ್ಸಿನ ಮ್ಯಾನೇಜರಿಗೆ ‘ಬಾ’ ಅನ್ನಬೇಕೋ ‘ಬನ್ನಿ’ ಅನ್ನಬೇಕೋ ಅಂತ ತಿಣುಕುವವರಿಗೆ ‘ಓಕೆ’ ಒಂದು ಒಳ್ಳೇ ಮರೆ. ಏಕವಚನವೂ ಆಗಲಿಲ್ಲ, ಬಹುವಚನವೂ ಆಗಲಿಲ್ಲ. ಆಫೀಸಿನಲ್ಲಿ ಆ ಮರೆ ಬೇಕು. ಮನೆಯಲ್ಲಿ ಅದರ ಹಿಂದೆ ನಿಂತು ಮಾತಾಡುವುದು ಯಾಕೆ?

ಹಾಗಾಗಿ ಮಗನಿಗೆ ಹೇಳಿ, ಖಂಡಿತ ಹೇಳಿ. ಭಾಷಾಶುದ್ಧಿಯ ಪಾಠ ಬೇಡ, ಸಂಕ್ಷೇಪ ಬಿಡು ಅಂತಲೂ ಬೇಡ. ಮುಂದಿನ ಸಲ ‘ಕೆ’ ಬಂದಾಗ ‘ಕೆ ಜೊತೆಗೆ ಒಂದು ಅಪ್ಪ ಸೇರಿಸೋ, ದುಡ್ಡು ಹೆಚ್ಚಾಗಲ್ಲ’ ಅಂತ ಬರೆದು ನೋಡಿ. ‘ಓಕೆಪ್ಪಾ’ ಅಂತ ಬಂದರೆ ಸಾಕಲ್ಲವೇ? ಕನ್ನಡ ಈ ವಿಷಯದಲ್ಲಿ ಉದಾರಿ. ಎಂಥ ಇಂಗ್ಲಿಷ್ ಪದಕ್ಕಾದರೂ ತನ್ನ ಬಾಲ ಅಂಟಿಸಿ ಮನೆಯೊಳಗೆ ಬಿಟ್ಟುಕೊಳ್ಳುತ್ತದೆ. ಓಕೆ ರೀ, ಓಕೆಮ್ಮ, ಥ್ಯಾಂಕ್ಸ್ ಕಣೇ, ಸಾರಿ ಕಣೋ.

ನೀವೂ ಒಂದು ಮಾಡಬೇಕು. ಹತ್ತು ಸಾಲು ಬರೆದೆ ಅಂದಿರಿ. ಆ ಹತ್ತು ಸಾಲಿನಲ್ಲಿ ಅವನು ಉತ್ತರಿಸಬೇಕಾದದ್ದು ಏನಿತ್ತು? ತೋಟಕ್ಕೆ ಔಷಧಿ ಹೊಡೆಸಿದ್ದು, ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ, ಕರೆಂಟಿನವರು ಬಾರದಿದ್ದದ್ದು, ಮಧ್ಯದಲ್ಲೆಲ್ಲೋ ‘ನೀನು ಯಾವಾಗ ಬರ್ತೀಯ’, ಕೊನೆಗೆ ಆರೋಗ್ಯದ ಕಡೆ ಗಮನ ಕೊಡು ಅಂತ. ಹೀಗಿದ್ದರೆ ಎಲ್ಲಕ್ಕೂ ಸೇರಿ ‘ಕೆ’ ಅನ್ನದೆ ಅವನು ಇನ್ನೇನು ಅಂದಾನು? ಒಂದು ಮೆಸೇಜಿಗೆ ಒಂದೇ ಪ್ರಶ್ನೆ ಇಡಿ, ಅದೂ ಹೌದು, ಇಲ್ಲ ಅಂತ ಮುಗಿಸಲಾಗದಂಥ ಪ್ರಶ್ನೆ. ‘ಶುಕ್ರವಾರ ರಾತ್ರಿ ಹೊರಡ್ತೀಯೋ ಶನಿವಾರ ಬೆಳಗ್ಗೆಯೋ?’ ಅಂತ ಕೇಳಿ. ಅದಕ್ಕೆ ‘ಕೆ’ ಅಂದರೆ ಆಗ ಕಿವಿ ಹಿಂಡಬಹುದು. ಉಳಿದ ಒಂಬತ್ತು ಸಾಲನ್ನು ಫೋನಿನಲ್ಲಿ ಮಾತಾಡಿ. ಅವು ಮಾತಾಡುವ ಸಂಗತಿಗಳೇ.

ಭಾಷೆ ಕೆಡುತ್ತದೆಯೇ 

ನನಗೆ ಹಾಗನ್ನಿಸುವುದಿಲ್ಲ. ಕನ್ನಡಿಗರಷ್ಟು ಸಂಕ್ಷೇಪಪ್ರಿಯರು ಕಡಿಮೆ. ಪಹಣಿ ತರಲು ಹೋಗುವ ರೈತ ‘ಆರ್‌ಟಿಸಿ ತಗೊಂಡು ಬರ್ತೀನಿ’ ಅನ್ನುತ್ತಾನೆ, ಅದರ ಪೂರ್ತಿ ರೂಪ ಕೇಳಿದರೆ ತಾಲ್ಲೂಕು ಕಚೇರಿಯ ಗುಮಾಸ್ತರೂ ಒಂದು ಕ್ಷಣ ತಡವರಿಸುತ್ತಾರೆ. ಎಸ್ಸೆಸ್ಸೆಲ್ಸಿ ಎಂಬುದು ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಅಂತ ಈಗ ಯಾರಿಗೆ ನೆನಪಿದೆ? ಅದು ಕನ್ನಡದ ಪದವಾಗಿ ಹೋಗಿದೆ.

ನಮ್ಮದೇ ಸಂಕ್ಷೇಪಗಳಿಗೊಂದು ಚೆಲುವಿದೆ, ಮೇಷ್ಟ್ರಾದ ನಿಮಗೆ ಅದು ಹಿಡಿಸೀತು. ಇಂಗ್ಲಿಷಿನವರು ಪದದಿಂದ ಒಂದು ‘ಲೆಟರ್’ ಕಿತ್ತರೆ ಅದು ಹೆಚ್ಚಿನ ಸಲ ಬರೀ ವ್ಯಂಜನ, ಒಂದೊಂದನ್ನೂ ಹೆಸರು ಹಿಡಿದು ಕರೆಯಬೇಕು: ಪಿ, ಎಫ್, ಎ. ನಾವು ಕೀಳುವುದು ಅಕ್ಷರ, ಸ್ವರ ಅದರೊಳಗೇ ಇರುತ್ತದೆ. ಹಾಗಾಗಿ ಕಿತ್ತು ಜೋಡಿಸಿದ ಕೂಡಲೇ ಬಾಯಿಗೆ ಪದವಾಗಿ ಬರುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರಿಂದ ಕು, ವೆಂ, ಪು ತೆಗೆದರೆ ‘ಕುವೆಂಪು’. ಅದು ಸಂಕ್ಷೇಪ ಅಂತ ಅನ್ನಿಸುತ್ತದೆಯೇ? ಅನಕೃ, ತರಾಸು, ಪುತಿನ ಎಲ್ಲ ಇದೇ ಎರಕ. ಕನ್ನಡ ಸಾಹಿತ್ಯ ಪರಿಷತ್ತು ‘ಕಸಾಪ’ ಆಯಿತು. ಡೆಸ್ಕಿನಲ್ಲಿ ನಾವು ಶೀರ್ಷಿಕೆಗೆ ಜಾಗ ಸಾಲದೆ ಎರಡೂ ದಾರಿಯನ್ನು ಬೆರೆಸುತ್ತಿದ್ದೆವು. ‘ಡಿಕೆಶಿ’ ನೋಡಿ, ಮೊದಲೆರಡು ಇಂಗ್ಲಿಷಿನ ಲೆಟರು, ಕೊನೆಯದು ಶಿವಕುಮಾರರ ‘ಶಿ’. ಯಾವ ವ್ಯಾಕರಣದ ಪುಸ್ತಕವೂ ಇದಕ್ಕೆ ಅನುಮತಿ ಕೊಟ್ಟಿಲ್ಲ, ಬೆಳಗ್ಗೆ ಕಾಫಿ ಕುಡಿಯುತ್ತ ಓದುವ ಯಾರಿಗೂ ತೊಡಕಾಗಿಲ್ಲ.

ಮಕ್ಕಳ ಓದುಬರಹ ಹಾಳಾಗುತ್ತದೆ ಅನ್ನುವ ಭಯದ ಬಗ್ಗೆ ಇಂಗ್ಲೆಂಡಿನ ಕಾವೆಂಟ್ರಿ ವಿಶ್ವವಿದ್ಯಾಲಯದವರು 10ರಿಂದ 12 ವರ್ಷದ 88 ಮಕ್ಕಳನ್ನು ಪರೀಕ್ಷಿಸಿ 2009ರಲ್ಲಿ ಬರೆದಿದ್ದರು. ಚುಟುಕು ಬರಹ ಹೆಚ್ಚು ಬಳಸುವ ಮಕ್ಕಳ ಓದುವ ಸಾಮರ್ಥ್ಯ ಚೆನ್ನಾಗಿಯೇ ಇತ್ತು. ಪದವನ್ನು ದನಿಯ ಲೆಕ್ಕದಲ್ಲಿ ಒಡೆದು ಕಟ್ಟುವ ಆಟಕ್ಕೆ ದನಿಯ ಅರಿವು ಬೇಕಲ್ಲ, ಅದಕ್ಕೇ ಇರಬೇಕು. ಅದು ಇಂಗ್ಲಿಷಿನ ಮಾತು, ಕನ್ನಡಕ್ಕೆ ಹಾಗೇ ತಂದು ಅಂಟಿಸುವುದಿಲ್ಲ. ಆದರೆ ನನ್ನ ಅಕ್ಕನ ಮಗಳು ಗೆಳತಿಯರಿಗೆ ಬರೆಯುವ ಭಾಷೆಯಲ್ಲಿ ಪರೀಕ್ಷೆ ಬರೆಯುವುದನ್ನು ನಾನು ಕಂಡಿಲ್ಲ. ಮನೆಯಲ್ಲಿ ಲುಂಗಿ ಉಟ್ಟವನು ಮದುವೆಗೆ ಪಂಚೆ ಉಡುವುದನ್ನು ಮರೆಯುತ್ತಾನೆಯೇ?

ಆರ್‌ಐಪಿಯ ಮಾತಿಗೆ ಬಂದರೆ ನಾನು ಪೂರ್ತಿ ನಿಮ್ಮ ಪಕ್ಷ. ಲ್ಯಾಟಿನ್ನಿನಲ್ಲಿ ‘ಶಾಂತಿಯಿಂದ ವಿಶ್ರಮಿಸಲಿ’ ಅನ್ನುವ ಮಾತು ಅದು. ಇಂಗ್ಲಿಷಿನಲ್ಲೂ ಅದೇ ಮೂರು ಅಕ್ಷರ ಹೊಂದುತ್ತದೆ. ಕಲ್ಲಿನ ಮೇಲೆ ಕೆತ್ತುವಾಗ ಮೊಟಕು ಮಾಡಿದ್ದಕ್ಕೆ ಅರ್ಥವಿತ್ತು, ಒಂದೊಂದು ಅಕ್ಷರಕ್ಕೂ ಉಳಿ ಸುತ್ತಿಗೆ ಏಟು ಬೀಳಬೇಕು. ಗಾಜಿನ ಮೇಲೆ ಬೆರಳು ಜಾರಿಸುವವರಿಗೆ ಏನು ಕಷ್ಟ? ನಮ್ಮಲ್ಲಿ ಸಾವಿನ ಮನೆಗೆ ‘ಮಾತಾಡಿಸಿಕೊಂಡು ಬರ್ತೀನಿ’ ಅಂತ ಹೋಗುತ್ತಾರೆ. ಹೋಗಿ ಹೆಚ್ಚೇನೂ ಮಾತಾಡುವುದಿಲ್ಲ, ಜಗಲಿಯ ಮೇಲೆ ಕೂತು ಎದ್ದು ಬರುತ್ತಾರೆ. ಆದರೂ ಅದರ ಹೆಸರು ಮಾತಾಡಿಸುವುದು. ನಿಮ್ಮ ಗುಂಪಿನಲ್ಲಿ ನೀವು ಹಿರಿಯರು, ಒಂದು ಪದ್ಧತಿ ಹಾಕಬಹುದು. ತೀರಿಕೊಂಡವರ ಬಗ್ಗೆ ಒಂದೇ ಒಂದು ನೆನಪು ಬರೆಯಿರಿ. ‘ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಕರಕೊಂಡು ಹೋದಾಗ ಅವರೇ ಚಿತ್ರಾನ್ನ ಕಟ್ಟಿಸಿಕೊಂಡು ಬಂದಿದ್ದರು’ ಅಂತ. ಅದರ ಕೆಳಗೆ ಆರ್‌ಐಪಿ ಅನ್ನಲು ಮುಂದಿನವನಿಗೇ ಸಂಕೋಚವಾಗುತ್ತದೆ. ಗುಂಪಿನಲ್ಲಿ ಬರೆದು, ಮನೆಯವರಿಗೆ ಫೋನನ್ನೂ ಮಾಡಿ.

ಎಲ್ಲವನ್ನೂ ಕಲಿಯಬೇಕೇ ಅಂದಿರಿ. ಬೇಡ, ಕಲಿತು ಮುಗಿಯುವುದೂ ಇಲ್ಲ. ಅರ್ಥವಾಗದಿದ್ದರೆ ‘ಹಾಗಂದರೇನಪ್ಪ’ ಅಂತ ಕೇಳಿಬಿಡಿ, ಎರಡು ದಿನ ಕಾಯಬೇಡಿ. ಮೂರನ್ನು ಮಾತ್ರ ಕಲಿಯಲೇಬೇಕು, ಯಾಕೆಂದರೆ ಅವು ಬರುವುದು ನಿಮ್ಮ ಪಿಂಚಣಿಯ ಮೇಲೆ ಕಣ್ಣಿಟ್ಟು. ಒಂದು ಕೆವೈಸಿ. ಗ್ರಾಹಕರ ಗುರುತು ಖಚಿತ ಮಾಡಿಕೊಳ್ಳುವ ಬ್ಯಾಂಕಿನ ಕ್ರಮ, ನಿಜವಾದದ್ದೇ. ಅದರ ಹೆಸರು ಹೇಳಿ ‘ಇಂದು ರಾತ್ರಿಯೊಳಗೆ ಕೆವೈಸಿ ಮಾಡದಿದ್ದರೆ ಖಾತೆ ಬಂದ್’ ಅಂತ ಲಿಂಕ್ ಕಳಿಸುವವರು ಕಳ್ಳರು. ಬ್ಯಾಂಕಿಗೆ ನೀವೇ ನಡೆದು ಹೋಗಿ ಮಾಡಿಸಿ. ಇನ್ನೊಂದು ಒಟಿಪಿ, ಒಂದೇ ಸಲ ಬಳಸುವ ಗುಪ್ತ ಸಂಖ್ಯೆ. ಅದನ್ನು ಕೇಳುವವರು ಯಾರೇ ಆಗಲಿ, ಬ್ಯಾಂಕಿನವರು ಅಂದರೂ ಪೊಲೀಸರು ಅಂದರೂ, ಹೇಳಬೇಡಿ. ಕೊನೆಯದು ಎಪಿಕೆ. ವಾಹನದ ದಂಡದ ಚಲನ್ ಅಂತಲೋ ಮದುವೆ ಕರೆಯೋಲೆ ಅಂತಲೋ ವಾಟ್ಸಾಪಿನಲ್ಲಿ ಬಂದ ಕಡತದ ಹೆಸರಿನ ಕೊನೆಗೆ ಈ ಮೂರಕ್ಷರವಿದ್ದರೆ ಅದು ಒತ್ತಿ ಒಪ್ಪಿಗೆ ಕೊಟ್ಟರೆ ಫೋನಿನೊಳಗೆ ಬಂದು ಕೂರುವ ಆ್ಯಪ್. ಒತ್ತಬೇಡಿ. ಕಳ್ಳರಿಗೆ ಸಂಕ್ಷೇಪ ಯಾಕೆ ಪ್ರಿಯ ಗೊತ್ತೇ? ಅರ್ಥವಾಗದ ಮೂರಕ್ಷರಕ್ಕೆ ಸರ್ಕಾರಿ ಗತ್ತು ಬರುತ್ತದೆ, ಕೇಳಿದರೆ ದಡ್ಡರೆನಿಸಿಕೊಳ್ಳುತ್ತೇವೆ ಅಂತ ಹಿರಿಯರು ಕೇಳುವುದಿಲ್ಲ.

ಅಂದ ಹಾಗೆ, ಬ್ಯಾಂಕು, ಕಂಪನಿ, ಸರ್ಕಾರದಿಂದ ಬರುವ ಎಸ್‌ಎಂಎಸ್‌ನಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಈಗ ಒಂದು ಗೆರೆ, ಒಂದು ಅಕ್ಷರ ಇರುತ್ತದೆ, ಗಮನಿಸಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2025ರಲ್ಲಿ ತಂದ ನಿಯಮ. ‘ಪಿ’ ಅಂದರೆ ಜಾಹೀರಾತು, ‘ಎಸ್’ ಅಂದರೆ ಸೇವೆಯ ಮಾಹಿತಿ, ‘ಟಿ’ ಅಂದರೆ ನೀವು ಮಾಡಿದ ವ್ಯವಹಾರದ್ದು, ‘ಜಿ’ ಅಂದರೆ ಸರ್ಕಾರದ್ದು. ಬ್ಯಾಂಕಿನ ಹೆಸರು ಹೇಳಿಕೊಂಡು ಮಾಮೂಲಿ ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದದ್ದನ್ನು ನಂಬಬೇಡಿ. ಎಡವಟ್ಟಾಗಿ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಈ ನಂಬರನ್ನು ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಡಿ.

ಇನ್ನು ಚುಟುಕಾಗಿ ಕನ್ನಡದಲ್ಲೇ ಬರೆಯುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಭಾಷೆಯಲ್ಲಿ ಒಂದೇ ಪದದ ವಾಕ್ಯಗಳು ಬೇಕಾದಷ್ಟಿವೆ. ‘ಹೊರಟೆ’ ಅಂದರೆ ಕರ್ತೃ, ಕ್ರಿಯೆ, ಕಾಲ ಮೂರೂ ಬಂತು. ‘ತಲುಪಿದ್ವಿ’, ‘ಸಿಕ್ತು’, ‘ಆಗಲ್ಲ’, ‘ಬರ್ಲಾ?’, ‘ಬಂದ್ಯಾ?’. ಇಂಗ್ಲಿಷಿನವರಿಗೆ ಮೂರು ಪದ ಬೇಕಾದ ಕಡೆ ನಮಗೆ ಒಂದು ಸಾಕು, ಮೊಟಕು ಮಾಡುವ ಕೆಲಸವನ್ನು ವ್ಯಾಕರಣವೇ ಮಾಡಿಟ್ಟಿದೆ. ಮಗ ‘ಆನ್ ದ ವೇ’ಗೆ ಮೂರು ಇಂಗ್ಲಿಷ್ ಅಕ್ಷರ ಹಾಕುವ ಬದಲು ‘ಹೊರಟೆಪ್ಪಾ’ ಅನ್ನಬಹುದು. ಮೊಮ್ಮಗಳ ಕೈಲಿ ಹೇಳಿಸಿ, ನೀವು ಹೇಳಿದರೆ ಪಾಠ ಅನ್ನಿಸುತ್ತದೆ.

ವಿ.ಸೂ.: ಆ ಶಿಷ್ಯನಿಗೆ ಉತ್ತರ ಬರೆದಿಲ್ಲ ಅಂದಿರಲ್ಲ, ಇವತ್ತೇ ಬರೆಯಿರಿ. ‘ನಿನ್ನ ಟಿಸಿ 1994ರಲ್ಲೇ ಕೊಟ್ಟಾಗಿದೆಯಲ್ಲಯ್ಯ, ಕಳಕೊಂಡೆಯಾ? ಕಣ್ಣು ಈಗ ಚೆನ್ನಾಗಿ ಕಾಣುತ್ತೆ, ಒಂದು ದಿನ ಮನೆಗೆ ಬಾ’ ಅಂತ.